ಓದು, ಓಡು: ಹೊಸಬರಿಗೆ ಓಟ ಕಲಿಸುವ ಬಗೆ

(ಗೋವಾ ರಾಜ್ಯದ ಕನ್ನಡ ಮಾಧ್ಯಮ ಶಾಲಾ ಶಿಕ್ಷಕರ ಪುನಶ್ಚೇತನ ಶಿಬಿರದ ಎರಡನೆಯ ದಿನ ನೀಡಿದ ಉಪನ್ಯಾಸದ ಪಠ್ಯ)



ಭಾಷಾ ಬೋಧನೆಯ ಕುರಿತು ಮಾತನಾಡಬೇಕಾದವಳು ಓಟದ ಕುರಿತು ಮಾತನಾಡಲು ನಿಂತಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಕಾರ್ಯಕ್ರಮ ಪಟ್ಟಿಯಲ್ಲಿ ‘ಓದು’ ಎಂದಿರಬೇಕಾದಲ್ಲಿ ‘ಓಟ’ ಎಂದು ತಪ್ಪಾಗಿ ಅಚ್ಚಾಗಿದೆಯೆಂದು ಭಾವಿಸಿದವರೂ ಇದ್ದಾರೆ. ಬೆಳಿಗ್ಗೆ ಚಹಾದ ವೇಳೆಗೆ ಹಿರಿಯ ಮುಖ್ಯಾಧ್ಯಾಪಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಅದನ್ನು ತಿದ್ದಿಸಿಬಿಡಿ ಎಂದು ಮೆಲ್ಲಗೆ ಸೂಚಿಸಿದರು. ಅಚ್ಚಿನಲ್ಲಿ ದೋಷವಿಲ್ಲ. ಆದರೆ ಅವರ ಸಂದೇಹವೇ ನನ್ನ ಮಾತಿಗೆ ಒಳ್ಳೆಯ ಪ್ರಾರಂಭವನ್ನು ಒದಗಿಸಿತು.

ನಮ್ಮ ಭಾಷೆಯಲ್ಲಿ ಓದುವುದಕ್ಕೂ ಓಡುವುದಕ್ಕೂ ಇರುವುದು ಒಂದೇ ವ್ಯಂಜನದ ಅಂತರ. ನಾಲಗೆಯ ತುದಿ ಹಲ್ಲಿಗೆ ತಗುಲಿದರೆ ಓದು. ಹಿಂದಕ್ಕೆ ಮಡಚಿ ಮೇಲಂಗುಳನ್ನು ಮುಟ್ಟಿದರೆ ಓಡು. ಬರವಣಿಗೆಯಲ್ಲಿಯೂ ದಕಾರ ಡಕಾರಗಳ ಆಕಾರ ಎಳೆಯ ಕಣ್ಣಿಗೆ ಬಹಳ ಸಮೀಪವಾದುದು. ಇವೆರಡನ್ನು ಅದಲುಬದಲು ಮಾಡದ ಮಗು ನಮ್ಮ ತರಗತಿಗಳಲ್ಲಿ ಅಪರೂಪವೆಂದೇ ಹೇಳಬೇಕು.

ಇಪ್ಪತ್ತಾರು ವರ್ಷಗಳ ಹಿಂದೆ, ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಶಾಲೆಯಲ್ಲಿ, ಮೂರನೆಯ ಇಯತ್ತೆಯ ಹುಡುಗನೊಬ್ಬ ಉಕ್ತಲೇಖನದಲ್ಲಿ ‘ನಾನು ದಿನಾಲು ಪುಸ್ತಕ ಓಡುತ್ತೇನೆ’ ಎಂದು ಬರೆದ. ಅದು ಅವನ ಮೂರನೆಯ ಸಲದ ತಪ್ಪು. ನನಗೆ ಸಿಟ್ಟು ಬಂದಿತ್ತು. ಜೊತೆಗೆ, ಹೇಳಲು ನಾಚಿಕೆಯಾಗುತ್ತದೆ, ಒಂದು ಚಮತ್ಕಾರದ ಮಾತೂ ಹೊಳೆದಿತ್ತು. “ಪುಸ್ತಕ ಓಡುವವನು ನೀನು, ಹಾಗಾದರೆ ಓಡು ನೋಡೋಣ” ಎಂದು ಅವನನ್ನು ಹೊರಗೆ ಕಳುಹಿಸಿ ಮೈದಾನದ ಐದು ಸುತ್ತು ಹಾಕಿಸಿದೆ. ಮಾರ್ಚ್ ತಿಂಗಳು, ಹೊತ್ತು ಹನ್ನೊಂದು ಗಂಟೆ, ಜಂಬಿಟ್ಟಿಗೆ ಮಣ್ಣಿನ ಕೆಂಪು ನೆಲ, ಹುಡುಗನ ಕಾಲಲ್ಲಿ ಚಪ್ಪಲಿಯಿಲ್ಲ. ತರಗತಿಯ ಮಕ್ಕಳೆಲ್ಲ ಕಿಟಕಿಗೆ ಬಂದು ನಕ್ಕರು. ನಾನೂ ನಕ್ಕೆ. ಮರಳಿ ಬಂದವನು ತನ್ನ ಜಾಗದಲ್ಲಿ ಕುಳಿತ. ಅಂಗಾಲನ್ನು ಕೈಯಿಂದ ಮುಚ್ಚಿಕೊಂಡಿದ್ದ. ಆ ವರ್ಷವೆಲ್ಲ ಅವನು ಗಟ್ಟಿಯಾಗಿ ಓದಲಿಲ್ಲ. ಆಟದ ಅವಧಿಯಲ್ಲಿಯೂ ಗೋಡೆಗೆ ಒರಗಿಯೇ ನಿಂತಿರುತ್ತಿದ್ದ. ಜೂನ್‌ನಲ್ಲಿ ಶಾಲೆ ತೆರೆದಾಗ ಬರಲಿಲ್ಲ. ಕಟ್ಟಡದ ಕೆಲಸ ಮುಗಿದು ಮನೆಯವರು ಬೇರೆ ಕಡೆಗೆ ಹೋಗಿದ್ದರು. ನಮ್ಮ ಹಾಜರಿ ಪುಸ್ತಕಗಳಲ್ಲಿ ಹೀಗೆ ಕೆಂಪು ಗೆರೆ ಎಳೆದುಹೋದ ಹೆಸರುಗಳು ಎಷ್ಟೋ ಇರುತ್ತವೆ. ಅವನದೂ ಒಂದು.

ಒಂದೇ ಮಾತಿನಿಂದ ನಾನು ಆ ಮಗುವಿಗೆ ಎರಡು ವಿದ್ಯೆಗಳನ್ನು ದೂರಮಾಡಿದೆನೆಂಬುದು ನನಗೆ ಅರಿವಾಗಲು ಬಹಳ ವರ್ಷಗಳು ಬೇಕಾದವು. ಆ ಅರಿವು ಹೇಗೆ ಬಂದಿತೆಂಬುದನ್ನೂ, ಓಡಲಾರೆನೆಂದು ನಂಬಿರುವವರನ್ನು, ಅವರು ಮಕ್ಕಳಿರಲಿ ಶಿಕ್ಷಕರಿರಲಿ, ಓಟಕ್ಕೆ ಕರೆತರುವುದು ಹೇಗೆಂಬುದನ್ನೂ ಈ ಅವಧಿಯಲ್ಲಿ ನಿಮ್ಮೊಡನೆ ಹಂಚಿಕೊಳ್ಳಲು ಬಯಸುತ್ತೇನೆ.

ನಮ್ಮ ಶಾಲೆಗಳಲ್ಲಿ ಓಟಕ್ಕೆ ಎರಡೇ ಸ್ಥಾನಗಳಿವೆ: ಒಂದು ಶಿಕ್ಷೆ, ಇನ್ನೊಂದು ಸ್ಪರ್ಧೆ. ತಡವಾಗಿ ಬಂದರೆ ಸುತ್ತು, ಗೃಹಪಾಠ ತರದಿದ್ದರೆ ಸುತ್ತು, ಸಾಲಿನಲ್ಲಿ ಮಾತನಾಡಿದರೆ ಸುತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆಯೆಂಬುದು ನಮಗೆಲ್ಲರಿಗೂ ಗೊತ್ತು. ಬೆತ್ತವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇವೆ. ಆದರೆ ಸುತ್ತು ಹಾಕಿಸುವುದು ವ್ಯಾಯಾಮವೇ ಹೊರತು ಶಿಕ್ಷೆಯಲ್ಲವೆಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಂಡಿದ್ದೇವೆ. ಕಾನೂನಿನ ಮಾತು ಹಾಗಿರಲಿ, ಶಿಕ್ಷಣಶಾಸ್ತ್ರದ ದೃಷ್ಟಿಯಿಂದ ನೋಡಿ. ತಪ್ಪು ಮಾಡಿದ ಮಗುವಿಗೆ ‘ಹತ್ತು ಪುಟ ಓದು’ ಎಂದು ಶಿಕ್ಷೆ ವಿಧಿಸುವ ಶಾಲೆಯಲ್ಲಿ ಓದುವ ಪ್ರೀತಿ ಬೆಳೆದೀತೆ?

ಸ್ಪರ್ಧೆಯ ಕತೆ ಇದಕ್ಕಿಂತ ಸೂಕ್ಷ್ಮವಾದುದು. ವಾರ್ಷಿಕ ಕ್ರೀಡಾದಿನದಂದು ಸುಣ್ಣದ ಗೆರೆ ಎಳೆಯುತ್ತೇವೆ, ನೂರು ಮೀಟರ್ ಓಡಿಸುತ್ತೇವೆ, ಮೊದಲ ಮೂವರಿಗೆ ಸ್ಟೀಲಿನ ಬಟ್ಟಲು ಕೊಡುತ್ತೇವೆ. ಇಪ್ಪತ್ತೈದು ಮಕ್ಕಳ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳು ಅಂದು ಕಲಿಯುವ ಪಾಠವೆಂದರೆ, ಓಟ ತಮ್ಮದಲ್ಲ ಎಂಬುದು. ಆ ಪಾಠವನ್ನು ಅವರು ಜೀವಮಾನವೆಲ್ಲ ಮರೆಯುವುದಿಲ್ಲ. ಈ ಸಭಾಂಗಣದಲ್ಲಿಯೂ ಆ ಇಪ್ಪತ್ತೆರಡರ ಪೈಕಿಯವರೇ ಹೆಚ್ಚಾಗಿದ್ದೇವೆಂದು ನನ್ನ ಊಹೆ. ನಾನಂತೂ ಅವರಲ್ಲೊಬ್ಬಳು.

ಇಂಥ ಮಕ್ಕಳು ಎಲ್ಲಿಂದ ಬಂದವರೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಹಳ್ಳಿಗಳಿಂದ ತಂದೆತಾಯಿಗಳು ಬಂದರು. ಬಂದರಿನ ಕೆಲಸಕ್ಕೆ, ಕಾರ್ಖಾನೆಗೆ, ಕಟ್ಟಡ ಕಾಮಗಾರಿಗೆ, ಮೀನು ಸಾಗಿಸುವುದಕ್ಕೆ. ವಾಸ್ಕೋದ ಬೈನಾ, ಝುವಾರಿನಗರ, ಮಾಪ್ಸಾ, ಮಡಗಾಂವಗಳ ಒತ್ತೊತ್ತಾದ ಕೋಣೆಗಳಲ್ಲಿ ನೆಲೆಸಿದರು. ಊರಿನಲ್ಲಿ ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಎತ್ತುಗಳ ಹಿಂದೆ ಊರೇ ಓಡುವುದನ್ನು ಕಂಡವರು ಇವರು. ಇಲ್ಲಿ ಹುಟ್ಟಿದ ಅವರ ಮಗುವಿಗೆ ಮನೆಯ ಬಾಗಿಲಿನಿಂದ ಹೆಜ್ಜೆ ಹೊರಗಿಟ್ಟರೆ ಗಟಾರ, ಅದರಾಚೆ ಟ್ರಕ್ಕುಗಳ ರಸ್ತೆ. “ಓಡಬ್ಯಾಡೋ, ಬೀಳ್ತೀ” ಎಂಬುದೇ ತಾಯಿಯ ದಿನನಿತ್ಯದ ಮಾತು. ಅವಳದು ತಪ್ಪಲ್ಲ. ಆದ್ದರಿಂದ ಈ ಮಕ್ಕಳಿಗೆ ನಿರ್ಭಯವಾಗಿ ಓಡಬಹುದಾದ ಸ್ಥಳವೆಂದರೆ ಬಹುಮಟ್ಟಿಗೆ ಶಾಲೆಯ ಅಂಗಳವೊಂದೇ. 5ರಿಂದ 17ರ ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯಾಗುವಂಥ ಚಟುವಟಿಕೆಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ನಮ್ಮ ವೇಳಾಪತ್ರಿಕೆಯಲ್ಲಿ ಆ 60 ನಿಮಿಷ ಎಲ್ಲಿದೆ, ಹುಡುಕಿ ನೋಡಿ. ಇರುವ ಒಂದು ಪಿ.ಟಿ. ಅವಧಿಯೂ ಡಿಸೆಂಬರ್ ದಾಟಿದೊಡನೆ ಗಣಿತದ ಪಾಲಾಗುತ್ತದೆ. ಭಾಷಾ ಶಿಕ್ಷಕರೂ ಅದನ್ನು ಕಬಳಿಸುವುದುಂಟು.

ಈಗ ನಮ್ಮ ಮಗ್ಗುಲಿನ ಊರಿನ ಒಂದು ಕತೆ. ಚೋರ್ಲಾ ಘಾಟ್ ಹತ್ತಿಳಿದರೆ ಬೆಳಗಾವಿ. ಅಲ್ಲಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬ ತರುಣ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದ ಒಲಿಂಪಿಕ್ ಕೂಟದಲ್ಲಿ ಮ್ಯಾರಥಾನ್ ಓಡಿದರು. ಅದರ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ಓಟಗಾರರು ಬರಿಗಾಲಲ್ಲಿ ಓಡಿದ ವೇಗವನ್ನು ಕಂಡ ದೊರಾಬ್ಜಿ ಟಾಟಾ ಅವರು, ಇವರನ್ನು ಒಲಿಂಪಿಕ್‌ಗೆ ಏಕೆ ಕಳುಹಿಸಬಾರದೆಂದು ಮುಂದಾದರು. ಖರ್ಚಿನ ಭಾರವನ್ನೂ ಹೊತ್ತರು. ಆ ಸಲದ ಮ್ಯಾರಥಾನಿನ ದೂರ 42.75 ಕಿ.ಮೀ. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಗೆದ್ದವರು ಫಿನ್ಲೆಂಡಿನ ಹಾನ್ನೆಸ್ ಕೊಲೆಮೈನೆನ್. ನಮ್ಮ ಬೆಳಗಾವಿಯವರು 19ನೆಯವರು.

ಈ ಕತೆಯನ್ನು ನಾನು ಅನೇಕ ತರಗತಿಗಳಲ್ಲಿ ಹೇಳಿದ್ದೇನೆ. ‘19ನೆಯವರು’ ಎಂದೊಡನೆ ಮಕ್ಕಳ ಮುಖ ಬಾಡುತ್ತದೆ. ಒಬ್ಬ ಹುಡುಗ ಕೇಳಿಯೇ ಬಿಟ್ಟ: “ಹಂಗಾರ ಸೋತ್ರೇನ್ರೀ?” ಆಗ ನಾನು ಅವರಿಂದ ಲೆಕ್ಕ ಮಾಡಿಸುತ್ತೇನೆ. ನಮ್ಮ ಶಾಲೆಯಿಂದ ಪಣಜಿಗೆ ಎಷ್ಟು ದೂರ? ಅಲ್ಲಿಗೆ ಬಸ್ಸಿಗೆ ಎಷ್ಟು ಹೊತ್ತು ಬೇಕು? 42 ಕಿ.ಮೀ. ಅಂದರೆ ಮೈದಾನದ ಎಷ್ಟು ಸುತ್ತು? ಲೆಕ್ಕ ಮುಗಿಯುವ ಹೊತ್ತಿಗೆ 19 ಎಂಬ ಸಂಖ್ಯೆಯ ಮೇಲಿನ ಅವರ ತಿರಸ್ಕಾರ ಹೋಗಿರುತ್ತದೆ. ನೀವು ಈ ಕತೆಯನ್ನು ಹೇಳುವುದಾದರೆ ದಯವಿಟ್ಟು ‘ಬಡತನದಿಂದ ಒಲಿಂಪಿಕ್‌ಗೆ’ ಎಂಬ ಶೈಲಿಯಲ್ಲಿ ಹೇಳಬೇಡಿ. ಆ ಲೆಕ್ಕವನ್ನೇ ಮಾಡಿಸಿ.

ನನ್ನ ಸ್ವಂತ ಓಟದ ವಿಷಯಕ್ಕೆ ಬರುತ್ತೇನೆ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಪ್ರಮಾಣ ಗಡಿಯ ಮೇಲಿತ್ತು. ವೈದ್ಯರು ನಡೆಯಲು ಹೇಳಿದರು. ಆರು ತಿಂಗಳು ನಡೆದೆ. ಒಂದು ದಿನ ಬೆಳಿಗ್ಗೆ, ಮೈದಾನದಲ್ಲಿ ಯಾರೂ ಇಲ್ಲದಿರುವುದನ್ನು ಖಚಿತಪಡಿಸಿಕೊಂಡು, ಓಡಿದೆ. ಒಂದು ಗೋಲುಕಂಬದಿಂದ ಇನ್ನೊಂದು ಗೋಲುಕಂಬದವರೆಗೂ ಹೋಗಲಾಗಲಿಲ್ಲ. ಎದೆ ಉರಿಯಿತು, ಪಕ್ಕೆ ಹಿಡಿಯಿತು, ಕಣ್ಣು ಕತ್ತಲಿಟ್ಟಿತು. ನಲವತ್ತು ವರ್ಷಗಳ ಹಿಂದಿನ ಕ್ರೀಡಾದಿನದ ತೀರ್ಪು ಸರಿಯೆಂದುಕೊಂಡು ಮನೆಗೆ ಬಂದೆ.

ನಾನು ಮಾಡಿದ ತಪ್ಪು ಹೊಸಬರೆಲ್ಲರೂ ಮಾಡುವ ತಪ್ಪು. ಓಟವೆಂದರೆ ವೇಗ ಎಂದು ತಿಳಿದಿದ್ದೆ. ನೂರು ಮೀಟರ್ ಓಟವನ್ನು ಬಿಟ್ಟು ಬೇರೆ ಓಟವನ್ನು ನನ್ನ ಶಾಲೆ ತೋರಿಸಿರಲಿಲ್ಲ. ನನ್ನ ಸೋದರಳಿಯ ಒಂದು ವೇಳಾಪಟ್ಟಿಯನ್ನು ಬರೆದುಕೊಟ್ಟ. ಅಮೆರಿಕದ ಜಾಶ್ ಕ್ಲಾರ್ಕ್ ಎಂಬಾತ 1996ರಲ್ಲಿ ರೂಪಿಸಿದ್ದು ಅದು; ಕುರ್ಚಿಯಲ್ಲಿ ಕುಳಿತೇ ಇರುವವರನ್ನು ಒಂಬತ್ತು ವಾರಗಳಲ್ಲಿ ಐದು ಕಿ.ಮೀ. ಓಡುವಂತೆ ಮಾಡುವುದು ಅದರ ಉದ್ದೇಶ. ಮೊದಲ ವಾರದ ಪಾಠ ಕೇಳಿದರೆ ನಿಮಗೆ ನಗು ಬಂದೀತು. ಐದು ನಿಮಿಷ ಬಿರುಸಾಗಿ ನಡೆಯಬೇಕು. ಆಮೇಲೆ 60 ಸೆಕೆಂಡು ಮೆಲ್ಲಗೆ ಓಡಬೇಕು, 90 ಸೆಕೆಂಡು ನಡೆಯಬೇಕು. ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರೇ ದಿನ. ಒಂದೇ ನಿಮಿಷದ ಓಟವೇ ಎಂದು ನಾನೂ ಅವಮಾನಿತಳಾದಂತೆ ಕೇಳಿದ್ದೆ. ಆದರೆ ಒಂದನೆಯ ಇಯತ್ತೆಯ ಮಗುವಿನ ಕೈಗೆ ನಾವು ಮೊದಲ ದಿನವೇ ಮಹಾಕಾವ್ಯವನ್ನು ಕೊಡುತ್ತೇವೆಯೆ? ರ, ಗ, ಸ, ದ ಎಂದು ಸುಲಭದ ಅಕ್ಷರಗಳಿಂದಲ್ಲವೆ ಪ್ರಾರಂಭಿಸುವುದು? ಒಂಬತ್ತು ವಾರದ ಪಾಠ ನನಗೆ ಹತ್ತೊಂಬತ್ತು ವಾರ ಹಿಡಿಯಿತು. ನಾಲ್ಕನೆಯ ವಾರದಲ್ಲಿ ಮೂರು ಸಲ ಅನುತ್ತೀರ್ಣಳಾದೆ.

ಎಷ್ಟು ಮೆಲ್ಲಗೆ ಓಡಬೇಕೆಂಬುದಕ್ಕೆ ಗಡಿಯಾರ ಬೇಡ, ಮೊಬೈಲೂ ಬೇಡ. ಓಡುತ್ತ ಓಡುತ್ತ ಒಂದು ಪೂರ್ಣ ವಾಕ್ಯವನ್ನು ಉಸಿರು ಮುರಿಯದೆ ಆಡಲು ಸಾಧ್ಯವಾಗಬೇಕು. ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇರಬೇಕು. ‘ಹೂಂ’, ‘ಉಹೂಂ’ ಸಾಲದು. ವಾಕ್ಯ ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ, ನಡಿಗೆಗೆ ಇಳಿಯಿರಿ. ಮಕ್ಕಳಿಗಾದರೆ ಎರಡರ ಮಗ್ಗಿಯನ್ನು ಹೇಳುತ್ತ ಓಡಲು ತಿಳಿಸಿ. ಬಾಯಿ ಮುಚ್ಚಿಕೊಂಡು ಮೂಗಿನಿಂದಲೇ ಉಸಿರಾಡಬೇಕೆಂಬ ಹಳೆಯ ಆಜ್ಞೆಯನ್ನು ಬಿಟ್ಟುಬಿಡಿ. ಹೆಜ್ಜೆ ಚಿಕ್ಕದಾಗಿರಲಿ, ಭುಜ ಸಡಿಲವಾಗಿರಲಿ, ದೃಷ್ಟಿ ಕಾಲ ಮೇಲಲ್ಲದೆ ಹತ್ತು ಹೆಜ್ಜೆ ಮುಂದೆ ಇರಲಿ. ಭಂಗಿಯ ವಿಷಯದಲ್ಲಿ ಹೊಸಬರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.

ಮೆಲ್ಲಗೆ ಓಡುವ ಈ ವಿದ್ಯೆಗೆ ತನ್ನದೇ ಚರಿತ್ರೆಯಿದೆ. 1960ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯರ್ಡ್, ಒಲಿಂಪಿಕ್ ವಿಜೇತರನ್ನು ತಯಾರಿಸಿದ ಮನುಷ್ಯ, ಆಕ್ಲೆಂಡ್ ನಗರದಲ್ಲಿ ಮಧ್ಯವಯಸ್ಕರನ್ನೂ ಹೃದ್ರೋಗಿಗಳನ್ನೂ ಕೂಡಿಸಿ ಮೆಲ್ಲೋಟ ಕಲಿಸತೊಡಗಿದ್ದರು. ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಹೆಸರಾಂತ ಓಟದ ಗುರು ಬಿಲ್ ಬೋವರ್‌ಮನ್ ಅಲ್ಲಿಗೆ ಹೋದಾಗ ಅವರನ್ನೂ ಈ ಗುಂಪಿನೊಡನೆ ಓಡಲು ಕರೆದರು. ಐವತ್ತು ದಾಟಿದ್ದ ಬೋವರ್‌ಮನ್‌ಗೆ ಸ್ವಲ್ಪ ದೂರದಲ್ಲಿಯೇ ಉಸಿರು ಕಟ್ಟಿತು. ಎಪ್ಪತ್ತು ದಾಟಿದ ಮುದುಕರೊಬ್ಬರು ಹಿಂದೆ ಉಳಿದು, ಹರಟುತ್ತ, ಅವರನ್ನು ಜೊತೆಯಲ್ಲಿ ಕರೆತಂದರು. ಊರಿಗೆ ಮರಳಿದ ಬೋವರ್‌ಮನ್ ಜನಸಾಮಾನ್ಯರಿಗೆ ಮೆಲ್ಲೋಟದ ತರಗತಿ ತೆರೆದರು; ಹೃದಯತಜ್ಞರೊಬ್ಬರ ಜೊತೆಗೂಡಿ 1967ರಲ್ಲಿ ಆ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. ಗುರುಗಳ ಗುರುವೇ ಹೊಸಬನಾಗಿ ಏದುಸಿರು ಬಿಟ್ಟ ಆ ದೃಶ್ಯ ನನಗೆ ಬಹಳ ಇಷ್ಟ. ಮತ್ತೆ ಕಲಿಯುವವರಾಗುವ ಅವಕಾಶ ಶಿಕ್ಷಕರಿಗೆ ಎಷ್ಟು ವಿರಳ! ದಕಾರ ಡಕಾರ ತಿಳಿಯದ ಮಗುವಿಗೆ ಹೇಗೆ ಅನಿಸುತ್ತದೆಂಬುದನ್ನು ನಾನು ಬಿ.ಎಡ್., ಎಂ.ಎಡ್. ತರಗತಿಗಳಲ್ಲಿ ಕಲಿಯಲಿಲ್ಲ. ನಾಲ್ಕನೆಯ ವಾರದಲ್ಲಿ ಮೂರನೆಯ ಸಲ ನಪಾಸಾದ ದಿನ, ಮೈದಾನದ ಕಟ್ಟೆಯ ಮೇಲೆ ಕುಳಿತಿದ್ದಾಗ ಆ ಹುಡುಗ ನೆನಪಾದ. ನಾನು ಹೇಳಿದ ಅರಿವು ಬಂದದ್ದು ಅಂದು.

ಇನ್ನು ಶಾಲೆಯಲ್ಲಿ ಮಾಡುವ ಬಗೆ. ಬೆಳಗಿನ ಪ್ರಾರ್ಥನೆಗೆ ಮೊದಲಿನ ಇಪ್ಪತ್ತು ನಿಮಿಷ ಪ್ರಶಸ್ತ. ಮಧ್ಯಾಹ್ನ ಪಾವ್-ಭಾಜಿ ತಿಂದ ಮೇಲಂತೂ ಬೇಡ. ಹೊಟ್ಟೆ ತುಂಬಿದಾಗ ಓಡಿಸಿದರೆ ಪಕ್ಕೆ ಹಿಡಿಯುತ್ತದೆ, ವಾಂತಿಯಾಗುತ್ತದೆ, ಮಗು ಮತ್ತೆ ಓಟದ ಹೆಸರೆತ್ತುವುದಿಲ್ಲ. ಜಂಬಿಟ್ಟಿಗೆ ನೆಲದಲ್ಲಿ ಗುಂಡಗಿನ ಸಣ್ಣ ಹರಳುಗಳು ಕಾಲಡಿ ಉರುಳಿ ಬೀಳಿಸುತ್ತವೆ. ಓಡುವ ದಾರಿಯನ್ನು ಮೊದಲು ಮಕ್ಕಳೇ ಪೊರಕೆ ಹಿಡಿದು ಗುಡಿಸಲಿ, ನೀವೂ ಒಂದು ಪೊರಕೆ ಹಿಡಿಯಿರಿ. ಗೋವಾದ ಮಳೆ ನಿಮಗೆ ಗೊತ್ತೇ ಇದೆ, ವರ್ಷಕ್ಕೆ ಸುಮಾರು 3,000 ಮಿ.ಮೀ. ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ತಿಂಗಳುಗಳಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ. ಪಡಸಾಲೆಯಲ್ಲಿ ನಿಂತಲ್ಲೇ ಓಡುವುದು, ಕುಂಟೆಬಿಲ್ಲೆ, ಹಗ್ಗದಾಟ ಸಾಕು. ಅಕ್ಟೋಬರ್ ಸೆಖೆ ಇಳಿದ ಮೇಲೆ ನವೆಂಬರಿನಲ್ಲಿ ಓಟ ಪ್ರಾರಂಭಿಸಿದರೆ ಫೆಬ್ರವರಿಯವರೆಗೆ ನಾಲ್ಕು ಒಳ್ಳೆಯ ತಿಂಗಳು ದೊರೆಯುತ್ತವೆ. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನೀರಿನ ಕೊಡ ಹತ್ತಿರವಿರಲಿ.

ಪಾದರಕ್ಷೆಯ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಶಾಲೆಯ ಸಮವಸ್ತ್ರದ ಬೂಟು ಸಾಕು. ಇಲ್ಲದ ಮಗು ಗುಡಿಸಿದ ನೆಲದ ಮೇಲೆ, ತಂಪು ಹೊತ್ತಿನಲ್ಲಿ, ಬರಿಗಾಲಲ್ಲಿ ಓಡಬಹುದು. ಹವಾಯಿ ಚಪ್ಪಲಿ ಮಾತ್ರ ಬೇಡ. ಒಂದು ಮಗುವಿಗೆ ಬೂಟಿಲ್ಲದಿದ್ದರೆ ಆ ದಿನ ಎಲ್ಲರೂ ಬೂಟು ಬಿಚ್ಚಿಟ್ಟು ಓಡುವ ಪದ್ಧತಿಯನ್ನು ನಾನು ಒಂದು ಶಾಲೆಯಲ್ಲಿ ಕಂಡೆ. ಅದನ್ನು ಮಾಡಿದ ಶಿಕ್ಷಕಿ ಇಲ್ಲಿಯೇ ಕುಳಿತಿದ್ದಾರೆ. ಹೆಸರು ಹೇಳಿದರೆ ಸಂಕೋಚಪಡುತ್ತಾರೆ.

ಸುತ್ತುಗಳನ್ನು ಎಣಿಸಬೇಡಿ, ನಿಮಿಷಗಳನ್ನು ಎಣಿಸಿ. ಸುತ್ತು ಎಣಿಸಿದೊಡನೆ ಯಾರು ಹಿಂದೆ ಯಾರು ಮುಂದೆ ಎಂಬುದು ಹುಟ್ಟಿಕೊಳ್ಳುತ್ತದೆ. ಉದ್ದನೆಯ ದಾರಿಯೋ ಸಮುದ್ರದಂಡೆಯ ಗಟ್ಟಿ ಮರಳೋ ಹತ್ತಿರವಿದ್ದರೆ ನನ್ನ ಮೆಚ್ಚಿನ ಆಟವೊಂದನ್ನು ಆಡಿಸಿ. ಎಲ್ಲರೂ ಒಂದೇ ಗೆರೆಯಿಂದ ಹೊರಟು ಅವರವರ ವೇಗದಲ್ಲಿ ಮೂರು ನಿಮಿಷ ಓಡಲಿ. ನೀವು ಸೀಟಿ ಊದಿದಾಗ ಇದ್ದಲ್ಲಿಯೇ ಹಿಂದಿರುಗಿ ಅದೇ ವೇಗದಲ್ಲಿ ಮರಳಲಿ. ದೂರ ಹೋದವನಿಗೆ ದೂರದ ಹಾದಿ, ಸಮೀಪ ಹೋದವಳಿಗೆ ಸಮೀಪದ ಹಾದಿ. ಎಲ್ಲರೂ ಹೆಚ್ಚುಕಡಿಮೆ ಏಕಕಾಲಕ್ಕೆ ಗೆರೆ ಮುಟ್ಟುತ್ತಾರೆ. ಮೊದಲ ಸಲ ಆಡಿಸಿದಾಗ, ತರಗತಿಯಲ್ಲಿ ಎಲ್ಲಕ್ಕೂ ಕೊನೆಯವಳಾಗಿದ್ದ ಹುಡುಗಿಯೊಬ್ಬಳು ಗೆರೆ ದಾಟಿ ಹಿಂದಿರುಗಿ ನೋಡಿ, ತನ್ನ ಹಿಂದೆ ಇನ್ನೂ ನಾಲ್ವರು ಬರುತ್ತಿರುವುದನ್ನು ಕಂಡಳು. ಅವಳು ಏನೂ ಹೇಳಲಿಲ್ಲ. ಮರುದಿನ ಪ್ರಾರ್ಥನೆಗೆ ಅರ್ಧ ಗಂಟೆ ಮೊದಲೇ ಬಂದು ಗೇಟಿನ ಬಳಿ ನಿಂತಿದ್ದಳು.

ಹುಡುಗಿಯರ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಐದನೆಯ ಇಯತ್ತೆಯವರೆಗೆ ಜಿಂಕೆಯಂತೆ ಓಡುವ ಹುಡುಗಿ ಆರು, ಏಳನೆಯ ಇಯತ್ತೆಗೆ ಬಂದಾಗ ಗೋಡೆಯ ಪಕ್ಕ ನಿಲ್ಲತೊಡಗುತ್ತಾಳೆ. ಕಾರಣಗಳು ನಮಗೆ, ವಿಶೇಷವಾಗಿ ಶಿಕ್ಷಕಿಯರಿಗೆ, ಗೊತ್ತು. ಲಂಗದ ಕೆಳಗೆ ತೊಡಲು ಒಂದು ಚಡ್ಡಿ, ಬಿಗಿಯಾದ ಒಳ ಉಡುಪು, ಬಾಗಿಲು ಭದ್ರವಾಗಿ ಮುಚ್ಚುವ ಶೌಚಾಲಯ, ಗೇಟಿನ ಹೊರಗೆ ನಿಂತು ನೋಡುವ ಪುಂಡರನ್ನು ಗದರಿಸಿ ಕಳುಹಿಸುವ ಒಬ್ಬ ಹಿರಿಯರು, ಇಷ್ಟಿದ್ದರೆ ಅರ್ಧದಷ್ಟು ಹುಡುಗಿಯರು ಮರಳಿ ಬರುತ್ತಾರೆ. ಮುಟ್ಟಿನ ದಿನಗಳಲ್ಲಿ ಓಡಬಾರದೆಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ನೋವಿದ್ದರೆ ವಿಶ್ರಮಿಸಲಿ, ಇಲ್ಲದಿದ್ದರೆ ಓಡಲಿ, ತೀರ್ಮಾನ ಅವಳದು.

ಇನ್ನೊಂದು ಕಾರಣ ಕಣ್ಣಿಗೆ ಕಾಣುವುದಿಲ್ಲ. ಒಂದೇ ನಿಮಿಷದ ಮೆಲ್ಲೋಟಕ್ಕೆ ಏದುಸಿರು ಬಿಡುವ, ರೆಪ್ಪೆಯ ಒಳಭಾಗ ಬಿಳಿಚಿಕೊಂಡ ಹುಡುಗಿಯನ್ನು ಸೋಮಾರಿ ಎನ್ನಬೇಡಿ. ನಮ್ಮ ದೇಶದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿ ರಕ್ತಹೀನತೆಯುಳ್ಳವರೆಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂಥವಳಿಗೆ ಬೇಕಾಗಿರುವುದು ಸುತ್ತಲ್ಲ, ವಾರದ ಕಬ್ಬಿಣಾಂಶದ ಮಾತ್ರೆ, ಜಂತುಹುಳುವಿನ ಮಾತ್ರೆ, ಆರೋಗ್ಯ ಕೇಂದ್ರದಲ್ಲಿ ಒಂದು ರಕ್ತಪರೀಕ್ಷೆ. ಓಟದ ಅವಧಿ ಹೀಗೆ ಕಾಯಿಲೆಗಳನ್ನು ಗುರುತಿಸುವ ಅವಧಿಯೂ ಹೌದು. ಓಡಿದ ಮೇಲೆ ಎದೆಯಲ್ಲಿ ಸುಯ್ಯೆನ್ನುವ ಸದ್ದಿರುವ ಮಗು, ತಲೆ ತಿರುಗುವ ಮಗು, ಎದೆನೋವೆನ್ನುವ ಮಗು, ಇವರನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ತಾಯಂದಿರ ಆಕ್ಷೇಪ ಬೇರೆ ಬಗೆಯದು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳ ತಾಯಿ, ಕಟ್ಟಡದ ಕೆಲಸದಿಂದ ನೇರವಾಗಿ ಶಾಲೆಗೆ ಬಂದವಳು, ತಲೆಯ ಮೇಲಿನ ಸಿಂಬಿಯನ್ನೂ ತೆಗೆಯದೆ ನನ್ನನ್ನು ಕೇಳಿದಳು: “ಓಡಿ ಏನ್ ಆಗೂದೈತ್ರೀ ಅಕ್ಕಾರ? ನಾಳಿ ಯಾರರ ಏನರ ಅಂದ್ರ ಯಾರ್ ಕೇಳೂರು?” ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. “ನಾನೂ ಅಕಿ ಜೋಡಿ ಓಡ್ತೀನವ್ವಾ, ನೀನೂ ಒಂದಿನ ಬಂದ ನೋಡು” ಎಂದೆ. ಅವಳು ನನ್ನ ನರೆತ ತಲೆಯನ್ನೂ ಸಲ್ವಾರನ್ನೂ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹುಡುಗಿಯನ್ನು ಬಿಡಿಸಲಿಲ್ಲ. ಶಿಕ್ಷಕರು ತಾವೂ ಓಡಬೇಕೆಂದು ನಾನು ಪದೇ ಪದೇ ಹೇಳುವುದು ಇದಕ್ಕಾಗಿಯೇ. ಕುರ್ಚಿ ಹಾಕಿಸಿಕೊಂಡು ಸೀಟಿ ಊದುವವರ ಮಾತನ್ನು ಆ ತಾಯಿ ನಂಬುತ್ತಿರಲಿಲ್ಲ.

ಉತ್ಸಾಹ ಅತಿಯಾಗುವುದರ ಬಗ್ಗೆಯೂ ಎಚ್ಚರಿಕೆಯ ಒಂದು ಮಾತು. 2006ರ ಮೇ ತಿಂಗಳಲ್ಲಿ ಒಡಿಶಾದ ನಾಲ್ಕು ವರ್ಷದ ಬಾಲಕನೊಬ್ಬನನ್ನು ಪುರಿಯಿಂದ ಭುವನೇಶ್ವರದವರೆಗೆ ಸುಮಾರು 65 ಕಿ.ಮೀ. ಓಡಿಸಿದರು. ದೇಶವೇ ಕೊಂಡಾಡಿತು. ಮಗು ಕೊನೆಗೆ ಕುಸಿಯಿತು. ಆಮೇಲೆ ಸರ್ಕಾರ ಅಂಥ ಓಟಗಳನ್ನು ತಡೆಯಬೇಕಾಯಿತು. ನಮ್ಮ ಶಾಲೆಯಿಂದಲೂ ಒಬ್ಬ ‘ಬಾಲಪ್ರತಿಭೆ’ ಹೊರಬರಲಿ ಎಂಬ ಆಸೆ ಶಿಕ್ಷಕರನ್ನು ಬಹಳ ಬೇಗ ಹಿಡಿಯುತ್ತದೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ; ಮೂಳೆ, ಸ್ನಾಯುಬಂಧಗಳು ಪಳಗಲು ತಿಂಗಳುಗಳೇ ಬೇಕು. ಓಡಬಲ್ಲೆನೆನಿಸಿದ ದಿನವೇ ಹೆಚ್ಚು ಓಡಿ ಮೊಣಕಾಲು ನೋಯಿಸಿಕೊಳ್ಳುವುದು ದೊಡ್ಡವರಲ್ಲಿಯೂ ಸಾಮಾನ್ಯ. ನಾನೂ ಹಾಗೆ ಒಂದು ತಿಂಗಳು ಕುಂಟಿದ್ದೇನೆ. ನಿಮ್ಮಲ್ಲಿ ರಕ್ತದೊತ್ತಡ, ಸಕ್ಕರೆ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಡಿಸೆಂಬರಿನಲ್ಲಿ ಚಿಖಲಿಯ ಕಡೆ ಗೋವಾ ರಿವರ್ ಮ್ಯಾರಥಾನ್ ನಡೆಯುತ್ತದೆ. ವಾಸ್ಕೋ ಸುತ್ತಿನ ಶಿಕ್ಷಕರು ಮಕ್ಕಳನ್ನು ಒಮ್ಮೆ ಕರೆದೊಯ್ದು ತೋರಿಸಿ, ಓಡಿಸುವುದಕ್ಕಲ್ಲ, ನೋಡುವುದಕ್ಕೆ. ಮುಂದೆ ಓಡುವವರು ಹಾದುಹೋದ ಮೇಲೆ ಹೊರಟುಬರಬೇಡಿ. ಕೊನೆಯವರು ಬರುವವರೆಗೂ ಮಕ್ಕಳನ್ನು ನಿಲ್ಲಿಸಿ. ಹೊಟ್ಟೆ ಬಂದವರು, ಬೋಳುತಲೆಯವರು, ಅಜ್ಜಿಯರು ಓಡುತ್ತ ನಡೆಯುತ್ತ ಬರುವುದನ್ನು ಅವರು ಕಾಣಬೇಕು.

ಕೊನೆಗೆ ನನ್ನ ವಿಷಯವಾದ ಭಾಷೆಗೆ ಬರುತ್ತೇನೆ. ಅಂಗಡಿಯಲ್ಲಿ ಹಿಂದಿ, ಬಸ್ಸಿನಲ್ಲಿ ಕೊಂಕಣಿ, ಮನೆಯಲ್ಲಿ ಕನ್ನಡ. ನಮ್ಮ ಮಕ್ಕಳು ಮೂರು ಭಾಷೆಗಳ ನಡುವೆ ಜಾಣರಾಗಿಯೇ ಓಡಾಡುತ್ತಾರೆ. ಆದರೆ ರಸ್ತೆಯಲ್ಲಿ ಅವರ ಕನ್ನಡ ಪಿಸುಮಾತಾಗುತ್ತದೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ಹೇಳುತ್ತದೆ. ಗಟ್ಟಿಯಾಗಿ ಮಾತನಾಡುವ ಧೈರ್ಯವನ್ನು ವಿಧಿಯೊಂದೇ ಕೊಡಲಾರದು. ಜೋಡಿಜೋಡಿಯಾಗಿ, ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತ ಓಡಬೇಕೆಂಬ ನಿಯಮವಿಟ್ಟ ಮೇಲೆ, ಬಯಲಿನಲ್ಲಿ ಅವರ ಕನ್ನಡ ತಾನಾಗಿಯೇ ಎತ್ತರದ ದನಿಗೆ ಏರುವುದನ್ನು ಕೇಳಿದ್ದೇನೆ. ಓಟದ ನಂತರ ಮೂರು ವಾಕ್ಯಗಳ ದಿನಚರಿ ಬರೆಸಿ. ‘ಓಡಿದೆ, ನಡೆದೆ, ನಿಂತೆ, ದಣಿದೆ, ಬೆವರಿದೆ’: ಭೂತಕಾಲದ ಕ್ರಿಯಾರೂಪಗಳನ್ನು ಕಲಿಸಲು ಇದಕ್ಕಿಂತ ಸಹಜವಾದ ಅಭ್ಯಾಸ ನನಗೆ ಕಂಡಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕ್ರೀಡೆಯನ್ನು ಪಾಠದೊಡನೆ ಬೆಸೆಯಲು ಹೇಳಿರುವುದರಿಂದ, ತಪಾಸಣೆಗೆ ಬಂದವರು ಪ್ರಶ್ನಿಸಿದರೆ ತೋರಿಸಲು ನಿಮ್ಮ ಬಳಿ ಆಧಾರವೂ ಇದೆ. ಆ ದಿನಚರಿಯಲ್ಲಿ ಯಾವುದಾದರೂ ಮಗು ‘ಇಂದು ನಾನು ಓದಿದೆ’ ಎಂದು ದಕಾರದಲ್ಲಿ ಬರೆದರೆ ಅದನ್ನು ಕೂಡಿಸಿಕೊಂಡು, ನಾಲಗೆ ಎಲ್ಲಿ ತಗುಲುತ್ತದೆಂದು ತೋರಿಸಿ, ಎರಡೂ ಮಾತುಗಳನ್ನು ಜೋರಾಗಿ ಹೇಳಿಸಿ.

ನಾಳೆ ಬೆಳಿಗ್ಗೆ ಆರೂಕಾಲಿಗೆ ಈ ಕಟ್ಟಡದ ಹಿಂದಿನ ಮೈದಾನದಲ್ಲಿ ನಾನಿರುತ್ತೇನೆ. ಐದು ನಿಮಿಷ ನಡಿಗೆ, ಆಮೇಲೆ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ. ಸೀರೆಯವರು ಇಂದೇ ಸಲ್ವಾರ್ ಹೊಂದಿಸಿಕೊಳ್ಳಬೇಕು. ಬೂಟಿಲ್ಲದವರು ಬರಿಗಾಲಲ್ಲಿ ಬರಬಹುದು. ಪೊರಕೆಗಳು ನಾಲ್ಕೇ ಇವೆ, ಮೊದಲು ಬಂದವರು ನೆಲ ಗುಡಿಸಲು ಪ್ರಾರಂಭಿಸಿ. ಕಾರ್ಯಕ್ರಮ ಪಟ್ಟಿಯಲ್ಲಿ ತಪ್ಪು ಹುಡುಕಿದ ಮುಖ್ಯಾಧ್ಯಾಪಕರು ನನ್ನ ಜೋಡಿಯಾಗಿ ಓಡಲು ಈಗಾಗಲೇ ಒಪ್ಪಿದ್ದಾರೆ. ಅವರಿಗೂ ನನಗೂ ಐವತ್ತು ದಾಟಿದೆ. ನಮಗಿಂತ ಮುಂದೆ ಹೋಗುವವರು ಮಾತನಾಡುತ್ತ ಹೋಗಬೇಕು.